ಮಿತವಾಗಿ ತಿಂದವರು

ಎಪ್ಪತ್ತು ಎಂಬತ್ತರ ದಶಕದಲ್ಲಿ ತುಮಕೂರಿನ ಡಾಕ್ಟರೊಬ್ಬರ ಹತ್ತಿರ ನಾನು ಕಾಂಪೌಂಡರ್ ಆಗಿದ್ದೆ. ಡಾಕ್ಟರು ಎಷ್ಟು ಮಾತ್ರೆ ಅಂದರೆ ಜನ ಅಷ್ಟೇ ನುಂಗುತ್ತಿದ್ದರು. "ಊಟ ಮಿತವಾಗಿರಲಿ" ಅಂದರೆ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಥರ ಕೇಳಿಸುತ್ತಿತ್ತು. ಅಂಥದೊಂದು ನಡೆಯದ ವಾರವೇ ನನಗೆ ನೆನಪಿಲ್ಲ.

ಒಂದೇ ಮುದ್ದೆ

ಕೋರದ ಕಡೆಯ ರೈತರೊಬ್ಬರಿಗೆ ಮಂಡಿನೋವು. ತೂಕ ಇಳಿಸಬೇಕು, ಹೊತ್ತಿಗೆ ಒಂದೇ ಮುದ್ದೆ ಅಂದರು ಡಾಕ್ಟರು. ತಿಂಗಳು ಬಿಟ್ಟು ನೋಡಿದರೆ ಎರಡು ಕೆಜಿ ಜಾಸ್ತಿ.

"ಒಂದ್ರ ಮೇಲೆ ಮುಟ್ಟಿಲ್ಲ ಸ್ವಾಮಿ, ದೇವ್ರಾಣೆ!"

ಪಕ್ಕದಲ್ಲಿದ್ದ ಹೆಂಡತಿ ಹೇಳಿದರು: "ಒಂದೇ, ನಿಜ. ಆದ್ರೆ ಅದುನ್ನ ಕಟ್ಟಕ್ಕೆ ನನ್ನೆರಡು ಕೈ ಸಾಲ್ದು, ನಮ್ಮತ್ತೆ ಕೈನೂ ಬೇಕು."

ಹಸಿವಿರುವಾಗಲೇ ಏಳಿ

ಗುಬ್ಬಿಯ ಬಟ್ಟೆ ವ್ಯಾಪಾರಿಗೆ ಡಾಕ್ಟರು ಹೇಳಿದ್ದು ಇಷ್ಟೇ: "ಇನ್ನೂ ಸ್ವಲ್ಪ ಹಸಿವಿರುವಾಗಲೇ ಎಲೆ ಬಿಟ್ಟು ಎದ್ದುಬಿಡಿ."

ಆಮೇಲೊಂದು ಮದುವೆಯಲ್ಲಿ ಅವರು ಮೊದಲನೇ ಪಂಕ್ತಿಗೆ ಕೂತಿದ್ದರು. ಮೊಸರನ್ನ ಬರುವ ಮೊದಲೇ ಎದ್ದು ಕೈ ತೊಳೆದರು. ಮನುಷ್ಯನಿಗೆ ಎಂಥ ಹಿಡಿತ ಅಂದುಕೊಂಡು ನಾನು ಎರಡನೇ ಪಂಕ್ತಿಗೆ ಕೂತರೆ, ಪಕ್ಕದ ಎಲೆಗೆ ಬಂದು ಕೂತವರು ಅವರೇ!

"ಏನ್ ಸಾರ್, ಮತ್ತೆ?"

"ಎದ್ದಾಗ ಹಸಿವಿತ್ತಲ್ಲ, ಅದಕ್ಕೇ. ಹೆದರ್ಬೇಡಿ, ಇಲ್ಲೂ ಹಸಿವಿರುವಾಗಲೇ ಏಳ್ತೀನಿ." ಹಿಂದೆ ತಿರುಗಿ ಬಡಿಸುವವನನ್ನು ಕೇಳಿದರು: "ಮೂರನೇ ಪಂಕ್ತಿ ಇದೆ ತಾನೆ?"

ಅರ್ಧ ಊಟ

ಕುಣಿಗಲ್‌ನ ಮೇಷ್ಟ್ರೊಬ್ಬರಿಗೆ ಎದೆನೋವು ಬಂದು, ಹೆಂಡತಿ ಕಣ್ಣೊರೆಸಿಕೊಳ್ಳುತ್ತಾ ಕರೆದುಕೊಂಡು ಬಂದರು. ಡಾಕ್ಟರು ಇಬ್ಬರ ತೂಕವನ್ನೂ ಬರೆಸಿ, ಆಕೆಗೆ ಹೇಳಿದರು: "ಇನ್ಮೇಲೆ ಇವರಿಗೆ ಅರ್ಧ ಊಟ. ಇವರ ಜೀವ ನಿಮ್ಮ ಕೈಲಿದೆಯಮ್ಮ."

"ಒಂದು ತುತ್ತೂ ಜಾಸ್ತಿ ತಿನ್ನೋಕೆ ಬಿಡಲ್ಲ" ಅಂದರು ಆಕೆ. ಬಿಡಲೂ ಇಲ್ಲ.

ಆರು ತಿಂಗಳಿಗೆ ಮೇಷ್ಟ್ರು ಎಂಟು ಕೆಜಿ ಇಳಿದಿದ್ದರು. ಎದೆನೋವೂ ಇಲ್ಲ. ಡಾಕ್ಟರು ಎದ್ದು ನಿಂತು ಆಕೆಗೆ ಕೈಮುಗಿದರು.

"ನನ್ನನ್ನೂ ಸ್ವಲ್ಪ ನೋಡಿ ಡಾಕ್ಟ್ರೇ" ಅಂದರು ಆಕೆ, "ಮೆಟ್ಲು ಹತ್ತಿದ್ರೆ ಏದುಸಿರು." ತೂಕ ಹಾಕಿದೆ. ಸರಿಯಾಗಿ ಎಂಟು ಕೆಜಿ ಏರಿದ್ದರು.

"ನೀವೇನಮ್ಮ ತಿಂತಾ ಇದೀರಿ?"

"ನನ್ನೂಟ ಎಂದಿನಷ್ಟೇ. ಕಮ್ಮಿ ಬಡಿಸಿದ್ರೆ ಇವರು ನೊಂದ್ಕೋತಾರೆ ಅಂತ ತಟ್ಟೆ ತುಂಬಾನೇ ಬಡಿಸ್ತೀನಿ. ಅರ್ಧ ಆಗ್ತಿದ್ದ ಹಾಗೆ ಕಿತ್ಕೋತೀನಿ. ಬಡಿಸಿದ ಅನ್ನ ಚೆಲ್ಲೋಕಾಗತ್ತಾ?"

ಡಾಕ್ಟರು ತಲೆ ಮೇಲೆ ಕೈಹೊತ್ತು ಕೂತರು. ಮೇಷ್ಟ್ರೇ ಸಮಾಧಾನ ಹೇಳಿದರು:

"ಹೋಗ್ಲಿ ಬಿಡಿ ಡಾಕ್ಟ್ರೇ, ಮನೇದು ಮನೇಲೇ ಇದೆಯಲ್ಲ."