ತಮ್ಮನ ಕಾರ್ಡು ನೋಡುವ ಶಾಸ್ತ್ರ

ನನ್ನ ತಮ್ಮ ಮದುವೆಯಾಗದೆ ಉಳಿದದ್ದು ಯಾಕೆ ಅಂತ ಜನ ಇವತ್ತಿಗೂ ನನ್ನನ್ನು ಕೇಳುತ್ತಾರೆ. ಅವನು ಕಂಪ್ಯೂಟರಿಗೆ ಟಿವಿ ಕಾರ್ಡು ಕೊಳ್ಳಲು ಹೊರಟಾಗ ಒಂದು ಸಲ ಜೊತೆಗೆ ಹೋಗಿಬನ್ನಿ. ಆಮೇಲೆ ನೀವು ಈ ಪ್ರಶ್ನೆ ಕೇಳಿದರೆ ಕೇಳಿ!

ಹೆಣ್ಣು ನೋಡಲು ಹೋದ ಕಡೆಯೂ ಅವನದು ಇದೇ ಕಥೆ. ಹುಲ್ಲಹಳ್ಳಿಯ ಹುಡುಗಿ ಕೂತ ಚಾಪೆ ಸೊಟ್ಟಗಿತ್ತಂತೆ, ಬೇಡ. ಹೆಮ್ಮಿಗೆಯ ಹುಡುಗಿ ಹಾಡಿನ ನಡುವೆ ಕೆಮ್ಮಿದಳಂತೆ, ಬೇಡ. ಉಪ್ಪಿಟ್ಟು ಮಾತ್ರ ಯಾರ ಮನೆಯದಾದರೂ ಬೇಕು! ಕೊನೆಗೆ ತಾಂಡ್ಯದ ಫ್ಯಾಕ್ಟರಿಯಲ್ಲಿ ಮಿಷಿನ್ನುಗಳ ಮುಖ ನೋಡಿಕೊಂಡೇ ರಿಟೈರಾದ. ಈಗ ನಂಜನಗೂಡಿನ ನನ್ನ ಮನೆಯಲ್ಲಿ, ಹಸುವಿನ ಕೊಟ್ಟಿಗೆಗೆ ಅಂಟಿಕೊಂಡ ಕೋಣೆಯಲ್ಲಿ ಇದ್ದಾನೆ. ಯಾವ ಕೆಲಸಕ್ಕೂ ಕೈಗೆ ಸಿಗದವನು, ಊಟಕ್ಕೆ ಮಾತ್ರ ಕರೆಯುವ ಮುಂಚೆಯೇ ತಟ್ಟೆ ಮುಂದೆ ಹಾಜರು.

ಕಾರ್ಡಿನ ಹುಚ್ಚು ಹತ್ತಿದ್ದು ನನ್ನ ಮಗಳ ಮದುವೆಯ ಟೇಪಿನಿಂದ. ಟ್ರಂಕಿನ ತಳದಲ್ಲಿ ಕಪ್ಪು ಇಟ್ಟಿಗೆಯಂತೆ ಬಿದ್ದಿತ್ತು ಆ ವಿಡಿಯೋ ಕ್ಯಾಸೆಟ್ಟು. ಬೂಷ್ಟು ಹಿಡಿದಿತ್ತು. ಹಳೇ ವಿಸಿಆರ್ ರಿಪೇರಿ ಮಾಡಿಕೊಟ್ಟವನು, "ಇದು ಇನ್ನೊಂದು ಸಲ ಓಡಿದ್ರೆ ನಿಮ್ಮ ಪುಣ್ಯ" ಅಂದುಬಿಟ್ಟ. ಅದರಲ್ಲಿ ನಮ್ಮವ್ವ ಇದ್ದಾಳೆ. ಊಟದ ಪಂಕ್ತಿಯ ಹತ್ತಿರ ನಿಂತು ನನ್ನ ತಮ್ಮನಿಗೆ ಏನೋ ಹೇಳುತ್ತಾಳೆ. ವಿಡಿಯೋದವನಿಗೆ ಲೈಟು ಹಿಡಿದುಕೊಂಡು ಓಡಾಡಿದವನು ಇವನೇ. ಓಲಗದ ಗದ್ದಲದಲ್ಲಿ ಅವ್ವನ ಮಾತು ಅವತ್ತು ಕೇಳಿಸಲಿಲ್ಲವಂತೆ. ಕಂಪ್ಯೂಟರಿಗೆ ಹಾಕಿಕೊಂಡರೆ ಓಲಗ ತಗ್ಗಿಸಿ ಅವ್ವನ ದನಿ ಎತ್ತಬಹುದಂತೆ. ಅವ್ವ ಹೋಗಿ ಎಷ್ಟೋ ಕಾಲವಾಯಿತು. ಅವಳ ದನಿ ಬೇರೆಲ್ಲೂ ಉಳಿದಿಲ್ಲ, ನಿಜ. ಹಾಗಂತ ಮನೆಯವರ ಪ್ರಾಣ ತಿನ್ನಬೇಕೇ?

"ಅವ್ವ ಇನ್ನೇನಂದಿರ್ತಾಳೆ? ನಿನಗೆ ಬೈದಿರ್ತಾಳೆ" ಅಂದೆ.

"ಆ ಬೈಗುಳಾನೇ ಬೇಕು ಕಣಕ್ಕಾ" ಅಂದ.

ಟಿವಿ ಕಾರ್ಡು ಅಂದರೆ ಕಂಪ್ಯೂಟರಿನ ಹೊಟ್ಟೆಯೊಳಗೆ ಕೂರಿಸುವ ಒಂದು ಹಸಿರು ಹಲಗೆ. ವಿಸಿಆರ್ ವೈರನ್ನು ಅದಕ್ಕೆ ಚುಚ್ಚಿದರೆ ಟೇಪಿನಲ್ಲಿರುವುದೆಲ್ಲ ಕಂಪ್ಯೂಟರಿಗೆ ಇಳಿಯುತ್ತದೆ. ಈಗ ಯಾರೂ ಕೊಳ್ಳದ ಸಾಮಾನು. ಅದನ್ನು ನೋಡಲು, ಮನೆಗೆ ಹಿರಿಯಳು ಅಂತ ನನ್ನನ್ನೂ ಎಳೆದುಕೊಂಡು ಹೋದ. ಹಸು ಕರು ಬಿಟ್ಟು ನಾನು ಕಾರ್ಡು ನೋಡಬೇಕೆ?

ನಂಜನಗೂಡಿನ ಅಂಗಡಿಯವನು ಒಂದನ್ನು ತೆಗೆದು ಕೊಟ್ಟ. ಇವನು ಕನ್ನಡಕ ಏರಿಸಿಕೊಂಡು, ಹಿಂದೆ ಮುಂದೆ ತಿರುಗಿಸಿ, "ಯಾವೂರಿಂದು?" ಅಂದ.

"ತೈವಾನ್, ಯಜಮಾನ್ರೇ."

"ಅಲ್ಲಿ ಮಳೆ ಜಾಸ್ತಿ ಕಣ್ರೀ. ಥಂಡಿ ಹಿಡಿದಿರ್ತದೆ. ಬ್ಯಾಡ."

ಅಂಗಡಿಯವನು ನನ್ನ ಮುಖ ನೋಡಿದ. ನಾನು ಫ್ಯಾನು ನೋಡಿದೆ.

ಅಲ್ಲಿಂದ ಬಸ್ಸು ಹತ್ತಿ ಟಿ. ನರಸೀಪುರ. ಅಲ್ಲಿಯವನು ಬೆರಳುದ್ದದ ಒಂದು ಡಬ್ಬಿ ತೋರಿಸಿದ. "ಕಾರ್ಡೆಲ್ಲ ಯಾಕೆ ಸಾ? ಇದನ್ನ ಹೊರಗಿಂದ ಚುಚ್ಚಿದ್ರೆ ಅದೇ ಕೆಲಸ ಮಾಡ್ತದೆ."

"ಒರಗೆ ನೇತಾಡೋದು ಬ್ಯಾಡ. ಒಳಗೆ ಕೂತು ಬಾಳೋದು ಬೇಕು."

ನನಗೆ ರೇಗಿತು. "ಲೇ, ಕಾರ್ಡು ತಗೊಳ್ಳಾಕ್ ಬಂದಿದ್ದೀಯೋ, ಹೆಣ್ಣು ನೋಡಾಕ್ ಬಂದಿದ್ದೀಯೋ? ಅದರ ಕೈಲಿ ಒಂದು ಹಾಡೂ ಹೇಳಿಸ್ಬುಡು!"

ಅಂಗಡಿಯವನು ನಗು ತಡೆಯಲಾರದೆ ಒಳಗೆ ಓಡಿದ. ಬರುವಾಗ ಧೂಳು ಮೆತ್ತಿದ ಹಳೇ ಕಾರ್ಡೊಂದನ್ನು ಹಿಡಿದುಕೊಂಡು ಬಂದ. ಇವನು ಅದನ್ನು ಕಿವಿಗಿಟ್ಟು ತಟ್ಟಿದ. "ಗಂಟ್ಲು ಸರಿಯಾಗೇ ಅದೆ" ಅಂದ. ಒಪ್ಪಿಗೆ! ಜೀವಮಾನದಲ್ಲಿ ಅವನು ಒಪ್ಪಿದ್ದು ಅದೊಂದನ್ನೇ.

ತಂದವನು ಸುಮ್ಮನೆ ಕೂರಿಸಿದನೇ? ಫ್ಯಾಕ್ಟರಿಯಲ್ಲಿ ಪೂಜೆಯಿಲ್ಲದೆ ಯಾವ ಹೊಸ ಮಿಷಿನ್ನಿನ ಸ್ವಿಚ್ಚೂ ಒತ್ತುತ್ತಿರಲಿಲ್ಲವಂತೆ. ಕಾರ್ಡಿಗೂ ವಿಭೂತಿ ಎಳೆದ, ಕುಂಕುಮ ಇಟ್ಟ, ವೈರು ಚುಚ್ಚುವ ತೂತುಗಳಿಗೆಲ್ಲ ಗಂಧ ಮೆತ್ತಿದ. ನನ್ನ ಗಂಧದ ಬಟ್ಟಲು ಖಾಲಿ!

ಟೇಪು ಓಡತೊಡಗಿತು. ಪರದೆಯ ಮೇಲೆ ಮದುವೆ ನಡೆಯುತ್ತಿದೆ, ಸದ್ದಿಲ್ಲ.

"ಸೌಂಡೆಲ್ಲೋ?" ಅಂದೆ.

"ಸ್ಪೀಕರ್ ಆಫ್ ಮಾಡಿವ್ನಿ. ಸೌಂಡು ಒಳಕ್ಕೆ ಓಗ್ಲಿ. ಒರಕ್ಕೆ ಬಂದ್ರೆ ಪೋಲಾಯ್ತದೆ."

ಕೇಳಿದಿರಾ ವರಸೆ!

ಮಧ್ಯಾಹ್ನ ಅನ್ನ ಬಸಿದೆ, ಸಾರು ಇಳಿಸಿದೆ. ಎಂದೂ ತಪ್ಪದ ಆಸಾಮಿ ಅವತ್ತು ಏಳಲಿಲ್ಲ. ಕೂಗಿದೆ, ಕೇಳಲಿಲ್ಲ. ಸೌಟು ಹಿಡಿದು ಅವನ ಬಾಗಿಲಿಗೇ ಹೋಗಿ ನಿಂತು ಬೈದೆ: "ಲೇ ಮೂದೇವಿ, ಅನ್ನ ಆರೋಯ್ತಾ ಅದೆ! ಊರೋರೆಲ್ಲ ಉಂಡೆದ್ದ ಮೇಲೆ ನೀನೊಬ್ನೇ ಉಣ್ತೀಯಾ? ಬಂದು ಕೂತ್ಕೊಳ್ಲಾ!" ಪರದೆಯಿಂದ ಕಣ್ಣು ಕೀಳದೆ, ಸುಮ್ಮನಿರು ಅಂತ ಕೈ ಬೀಸಿದ. ಆಮೇಲೆ ಟೇಪು ಕರಕರ ಅಂತು. ವಿಸಿಆರ್ ಅದನ್ನು ಅಗಿದು ತುಂಡು ಮಾಡಿತು. ಹೋಗಲಿ, ಮದುವೆ ಕಂಪ್ಯೂಟರಿಗೆ ಇಳಿದಾಗಿತ್ತಲ್ಲ.

ಸ್ಪೀಕರ್ ಹಾಕಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡ. ಓಲಗವಿಲ್ಲ, ಮಂತ್ರವಿಲ್ಲ. ಓಲಗದವನು ಕೆನ್ನೆ ಉಬ್ಬಿಸಿದರೆ ನಮ್ಮ ಹಸು ಅಂಬಾ ಅನ್ನುತ್ತದೆ! ತಾಳಿ ಕಟ್ಟುವ ಹೊತ್ತಿಗೆ ನಮ್ಮ ಕುಕ್ಕರು ಕೂಗುತ್ತದೆ! ಕಾರ್ಡು ಬಿಚ್ಚಿ ನೋಡಿದರೆ ಸೌಂಡಿನ ಸಣ್ಣ ತೂತಿನಲ್ಲಿ ಗಂಧ ಕಲ್ಲಾಗಿ ಕೂತಿತ್ತು. ಮಗಳ ಜೊತೆ ಮಾತಾಡಲು ಕಂಪ್ಯೂಟರಿನ ಮೇಲಿಟ್ಟಿದ್ದ ಮೈಕು ನಮ್ಮ ಮನೆಯ ಸದ್ದನ್ನೇ ತುಂಬಿಕೊಂಡಿತ್ತು. ಟೇಪೂ ಹೋಯಿತು, ಅವ್ವನ ದನಿಯೂ ಹೋಯಿತು. ಅವನನ್ನು ಏನು ಮಾಡಬೇಕು ಹೇಳಿ!

ಬಾಯಿಗೆ ಬಂದದ್ದೆಲ್ಲ ಬೈದೆ. ಅವನು ಕಾರ್ಡು ಮತ್ತೆ ಕೂರಿಸಿ, ಉಳಿದ ಮದುವೆ ಹಾಕಿದ. ಊಟದ ಪಂಕ್ತಿ ಬಂತು. ಅವ್ವ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೌಟು ಹಿಡಿದ ಕೈ ನಮ್ಮ ಕಡೆಗೇ ಬೀಸುತ್ತಾ ಬಾಯಿ ತೆರೆದಳು.

"ಲೇ ಮೂದೇವಿ, ಅನ್ನ ಆರೋಯ್ತಾ ಅದೆ! ಊರೋರೆಲ್ಲ ಉಂಡೆದ್ದ ಮೇಲೆ ನೀನೊಬ್ನೇ ಉಣ್ತೀಯಾ? ಬಂದು ಕೂತ್ಕೊಳ್ಲಾ!"

ತುಟಿ ಅವ್ವನದು, ಗಂಟಲು ನನ್ನದು.

"ಇದೇ ಕಣಕ್ಕಾ ಅವ್ವ ಅಂದಿದ್ದು. ಇದೇಯ" ಅಂದು ತಮ್ಮ ಕನ್ನಡಕ ತೆಗೆದ.

ಅದು ನಾನು ಕಣೋ ಪೆದ್ದ, ಅನ್ನಬೇಕು ಅಂದುಕೊಂಡೆ. ಅವನಿಗೇನು ಗೊತ್ತಿರಲಿಲ್ಲವೇ?

ಈಗ ಕರೆಯುವ ಮುಂಚೆ ತಟ್ಟೆ ಮುಂದೆ ಬರುವ ಚಾಳಿ ನಿಂತುಹೋಗಿದೆ. ಅಡುಗೆಮನೆಯಿಂದ ಕರೆದರೆ ಓ ಅನ್ನುವುದಿಲ್ಲ. ಕೋಣೆಯಲ್ಲಿ ಸುಮ್ಮನೆ ಕಾದು ಕೂತಿರುತ್ತಾನೆ. ಮೈಯೆಲ್ಲ ಉರಿಯುತ್ತದೆ ನನಗೆ! ಸೌಟು ಎತ್ತಿಕೊಂಡು ಅವನ ಬಾಗಿಲಿಗೆ ಹೋಗಿ ನಿಲ್ಲುತ್ತೇನೆ.