ಹೂಂರಾಯ ಹೆಸರು ತೆಗೆದದ್ದು

ಅಜ್ಜಿ ಕತೆ ಹೇಳುವಾಗ ಹೂಂಗುಟ್ಟಲು ಒಬ್ಬರು ಬೇಕೇ ಬೇಕು. ಹೂಂ ನಿಂತರೆ ರಾಜಕುಮಾರನ ಕುದುರೆ ಕಾಡಿನ ನಡುವೆಯೇ ನಿಂತುಬಿಡುತ್ತದೆ. ಆ ಕೆಲಸಕ್ಕೆಂದೇ ಬೆಳೆದ ಮೊಮ್ಮಗ ಅವನು. ಹಾಗೆ ಬಂದ ಹೂಂ ನಾಲಿಗೆಗೆ ಎಷ್ಟು ಅಂಟಿಕೊಂಡಿತ್ತೆಂದರೆ, ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲ್ಲರೂ ಅವನನ್ನು ಹೂಂರಾಯ ಎಂದೇ ಕರೆಯುತ್ತಿದ್ದರು. ಹೋದ ವರ್ಷ ಕೊನೆಯ ವರ್ಷದ ಪ್ರಾಜೆಕ್ಟ್ ಪರೀಕ್ಷೆಯ ದಿನ ಗೆಳೆಯರು, "ಓಡಿಹೋಗಿ ಎರಡು ಪ್ರಿಂಟ್ ತಗೊಂಡ್ ಬಾ" ಎಂದಿದ್ದರು. ಹೂಂ ಎಂದು ಹೋದವನು ಸಾಲಿನಲ್ಲಿ ನಿಂತೇ ಇದ್ದ. ಇತ್ತ ಹಾಜರಿ ಮುಗಿದುಹೋಯಿತು. ಗೆಳೆಯರೆಲ್ಲ ಪಾಸಾದರು, ಪ್ರಿಂಟೂ ಚೆನ್ನಾಗಿ ಬಂದಿತ್ತು, ಇವನೊಬ್ಬ ಉಳಿದ.

ಇವತ್ತು ಮತ್ತೆ ಅದೇ ಪರೀಕ್ಷೆ. ಈ ಸಲವೂ ತಪ್ಪಿದರೆ ಇನ್ನೊಂದು ವರ್ಷ.

ಬಾಗಿಲಲ್ಲಿ ಅಜ್ಜಿ ಹೇಳಿದರು: "ನೋಡು ಮಗಾ, ಎಲ್ಲದಕ್ಕೂ ಹೂಂ ಅನ್ಬೇಡ. ಹೆಸರು ಕರೆದಾಗ ಗಟ್ಟಿಯಾಗಿ ಹಾಜರ್ ಅನ್ನು. ನಾಲ್ಕು ಜನರ ಎದುರಿಗೆ ಹೆಸರು ತೆಗೆದು ಬಾ."

"ಹೂಂ," ಎಂದ ಅವನು.

ದಾರಿಯಲ್ಲಿ ಫೋನ್ ಬಂತು. ಈ ವರ್ಷದ ಹೊಸ ತಂಡದ ನಾಯಕನದು. ನಾಯಕ ಎಂದರೆ ಕೆಲಸ ಮಾಡದೆ ಎಲ್ಲರಿಗಿಂತ ಹೆಚ್ಚು ಬೆವರುವವನು.

"ಲೋ, ನೀನು ಮೊದ್ಲು ಲ್ಯಾಬಿಗೆ ಹೋಗ್ತೀಯಲ್ಲ, ನಮ್ಮ ಕಂಪ್ಯೂಟರ್ ಆನ್ ಮಾಡು. ಅದ್ರಲ್ಲಿ ಫೈನಲ್ ಅಂತ ಒಂದು ಫೋಲ್ಡರ್ ಇದೆ. ನಾವು ಬರೋಷ್ಟೊತ್ತಿಗೆ ಅದನ್ನ ತೆಗೆದಿರ್ಬೇಕು. ಆಯ್ತಾ?"

"ಹೂಂ."

ಕಂಪ್ಯೂಟರಿನಲ್ಲಿ ಐದು ಫೋಲ್ಡರುಗಳು ಸಾಲಾಗಿ ಕೂತಿದ್ದವು: ಫೈನಲ್, ಫೈನಲ್ ಎರಡು, ಹೊಸ ಫೈನಲ್, ಇದೇ ಫೈನಲ್, ಅಮ್ಮನಾಣೆ ಇದೇ ಫೈನಲ್. ಹೂಂರಾಯ ಗಲ್ಲಕ್ಕೆ ಕೈಕೊಟ್ಟು ಯೋಚಿಸಿದ. ಅಮ್ಮನ ಮೇಲೆ ಆಣೆ ಇಟ್ಟ ಫೋಲ್ಡರೇ ಇರುವಾಗ, ಬರೀ ಫೈನಲ್ಲು ಹಳೆಯದೇ ಇರಬೇಕು. ಅದಕ್ಕೇ ತೆಗಿ ಎಂದಿದ್ದಾನೆ.

ನೆಲ ಗುಡಿಸುತ್ತಿದ್ದ ಲ್ಯಾಬಿನ ಅಟೆಂಡರ್ ಹೆಗಲ ಮೇಲಿಂದ ಇಣುಕಿದರು. ಇಪ್ಪತ್ತೆರಡು ವರ್ಷ ಲ್ಯಾಬ್ ಗುಡಿಸಿ, ಕಂಪ್ಯೂಟರ್ ವಿದ್ಯೆಯಲ್ಲಿ ತಮ್ಮನ್ನು ಮೀರಿಸಿದವರಿಲ್ಲ ಎಂಬ ತೀರ್ಮಾನಕ್ಕೆ ಬಂದವರು.

"ಏನಪ್ಪಾ ಯೋಚನೆ?"

"ಇದನ್ನ ತೆಗಿ ಅಂದಿದಾರೆ ಅಣ್ಣಾ."

"ತೆಗೀರಿ ಮತ್ತೆ. ಕಸ ಇಟ್ಕೊಂಡು ಯಾರು ಉದ್ಧಾರ ಆಗಿದಾರೆ? ಅಳಿಸಿದ್ಮೇಲೆ ಆ ಕಸದಬುಟ್ಟಿ ಇರುತ್ತಲ್ಲ, ಅದನ್ನೂ ಖಾಲಿ ಮಾಡಿ. ಅರ್ಧ ಗುಡಿಸಿ ಬಿಡೋರನ್ನ ಕಂಡ್ರೆ ನನಗಾಗಲ್ಲ."

ಹೂಂ ಎಂದು ಹೂಂರಾಯ ಅದನ್ನೂ ಮಾಡಿ ಮುಗಿಸಿದ.

ಒಂಬತ್ತೂವರೆಗೆ ಉಳಿದ ಮೂವರೂ ಬಂದರು: ನಾಯಕ, ಚಿತ್ರ-ಸ್ಲೈಡುಗಳನ್ನು ಮಾಡಿದ ಬಣ್ಣದವನು, ಪ್ರೋಗ್ರಾಮನ್ನೆಲ್ಲ ಒಬ್ಬಳೇ ಬರೆದ ಸೆಮಿಕೋಲನ್ನು. ತಪ್ಪಿಹೋದ ಒಂದು ಸೆಮಿಕೋಲನ್ನಿಗಾಗಿ ಮೂರು ದಿನ ಊಟ ಬಿಟ್ಟ ಹುಡುಗಿಗೆ ಬೇರೆ ಹೆಸರು ಒಪ್ಪುತ್ತಿರಲಿಲ್ಲ.

"ಫೈನಲ್ ತೆಗೆದ್ಯಾ?" ಎಂದಳು ಅವಳು.

"ತೆಗೆದೆ."

"ಎಲ್ಲಿ?"

"ತೆಗೆದೆ ಅಂದ್ನಲ್ಲ. ಬುಟ್ಟೀನೂ ಖಾಲಿ ಮಾಡಿದೀನಿ."

ಸೆಮಿಕೋಲನ್ನು ಕುರ್ಚಿಯ ಮೇಲೆ ನಿಧಾನವಾಗಿ ಕೂತಳು. ಅವಳ ಲ್ಯಾಪ್‌ಟಾಪ್ ಕೈಜಾರಿ ಬಿದ್ದು ರಿಪೇರಿ ಅಂಗಡಿ ಸೇರಿತ್ತು. ಏಳು ಸಮುದ್ರದಾಚೆಯ ಗಿಳಿಯಲ್ಲಿ ರಾಕ್ಷಸನ ಪ್ರಾಣ ಇರುವಂತೆ, ಆ ಪ್ರಾಜೆಕ್ಟಿನ ಪ್ರಾಣವೆಲ್ಲ ಆ ಒಂದು ಫೋಲ್ಡರಿನಲ್ಲಿತ್ತು. ಉಳಿದ ನಾಲ್ಕು ಬಣ್ಣದವನ ಹಳೆಯ ಸ್ಲೈಡುಗಳು. ಹೂಂರಾಯ ಗಿಳಿಯ ಕತ್ತು ಹಿಸುಕಿ, ಗರಿಗಳನ್ನೂ ಗುಡಿಸಿ ಹಾಕಿದ್ದ.

"ತೆಗಿ ಅಂದ್ರೆ ಓಪನ್ ಮಾಡು ಅಂತ ಕಣೋ," ಎಂದ ನಾಯಕ. ಅವನ ದನಿ ಬಾವಿಯೊಳಗಿನಿಂದ ಬಂದಂತಿತ್ತು.

"ಮೊನ್ನೆ ನೀನು ಟೇಬಲ್ ಮೇಲಿಂದ ಬ್ಯಾಗ್ ತೆಗಿ ಅಂದ್ಯಲ್ಲ," ಎಂದ ಹೂಂರಾಯ. " ಅದನ್ನ ಓಪನ್ ಮಾಡ್ಬೇಕಿತ್ತಾ?"



ಅವರ ಪ್ರಾಜೆಕ್ಟಿನ ಹೆಸರು ಮಾತುಪೆಟ್ಟಿಗೆ. ಚಪ್ಪಲಿ ಡಬ್ಬಿಯಷ್ಟು ದೊಡ್ಡ ಮರದ ಪೆಟ್ಟಿಗೆ. ಮೇಲೊಂದು ದೀಪ, ಪಕ್ಕದಲ್ಲೊಂದು ಪುಟ್ಟ ಫ್ಯಾನು, ಎದುರಿಗೊಂದು ಅಂಗೈ ಅಗಲದ ಬಾಗಿಲು. ಕನ್ನಡದಲ್ಲಿ ಹೇಳಿದರೆ ಅದು ಹೂಂ ಎಂದು, ಹೇಳಿದ್ದನ್ನು ಮಾಡಬೇಕು. ಆ ಹೂಂ ಹೂಂರಾಯನ ದನಿಯದೇ. ಇಡೀ ಪ್ರಾಜೆಕ್ಟಿಗೆ ಅವನ ಕಾಣಿಕೆ ಅದೊಂದೇ ಆಗಿತ್ತು. ಈಗ ಪೆಟ್ಟಿಗೆ ಇತ್ತು, ಬುದ್ಧಿ ಹೋಗಿತ್ತು.

ಪೊರಕೆಗೆ ಒರಗಿ ನಿಂತಿದ್ದ ಅಟೆಂಡರ್ ಕೆಮ್ಮಿದರು. "ಹಿಂದೊಂದು ಸಲ ಇಲ್ಲೇ ಒಂದು ರೋಬೋಟು ನಡೆದಿತ್ತು. ಬಹುಮಾನವೂ ಬಂತು. ದಾರ ಹಿಡಿದಿದ್ದವರು ಯಾರು ಅಂತ ನಾನು ಇವತ್ತಿಗೂ ಬಾಯಿ ಬಿಟ್ಟಿಲ್ಲ." ಹಾಗೆ ಹೇಳಿ ಮೇಜಿನ ಮೇಲಿನ ಉದ್ದನೆಯ ಬಟ್ಟೆಯನ್ನು ಎತ್ತಿ ಕೆಳಗೆ ನೋಡಿದರು. ಮೂವರೂ ಮೇಜಿನ ಕೆಳಗೆ ನೋಡಿದರು. ಆಮೇಲೆ ಹೂಂರಾಯನನ್ನು ನೋಡಿದರು.

"ನಾನು ಹಾಜರ್ ಅನ್ಬೇಕು," ಎಂದ ಅವನು.

"ಹಾಜರಿ ಕೊನೇಲಿ ಕಣೋ. ಡೆಮೋ ಮುಗಿದ ತಕ್ಷಣ ಅವರು ಪಕ್ಕದ ಟೇಬಲ್‌ಗೆ ಹೋಗ್ತಾರೆ. ನೀನು ಹಿಂದಿನಿಂದ ಎದ್ದು ಬಂದು ನಮ್ ಜೊತೆ ನಿಂತ್ಕೋ," ಎಂದ ನಾಯಕ. "ಹಾಗೇ ಮಾಡ್ತೀಯಾ?"

"ಹೂಂ."

ಹನ್ನೊಂದಕ್ಕೆ ಹೊರಗಿನ ಕಾಲೇಜಿನ ಪರೀಕ್ಷಕರು ಬಂದರು. ಜೊತೆಗೆ ಹಾಜರಿ ಪಟ್ಟಿ ಹಿಡಿದ ಗೈಡ್ ಮೇಡಂ. ಮೇಜಿನ ಕೆಳಗಿನಿಂದ ಹೂಂರಾಯನಿಗೆ ಕಂಡದ್ದು ಪರೀಕ್ಷಕರ ಕರಿ ಬೂಟು ಮಾತ್ರ. ಅವನ ಮಡಿಲಲ್ಲಿ ಪೆಟ್ಟಿಗೆಯ ದೀಪ, ಫ್ಯಾನು, ಬಾಗಿಲುಗಳ ಸ್ವಿಚ್ಚುಗಳಿದ್ದವು. ತಲೆಯ ಮೇಲೆ, ವೈರು ಇಳಿಸಲೆಂದು ಹಲಗೆಯಲ್ಲಿದ್ದ, ಪೆಟ್ಟಿಗೆಯೊಳಗೆ ಕೈ ತೂರುವಷ್ಟು ತೂತು.

"ದೀಪ ಹಚ್ಚು," ಎಂದರು ಪರೀಕ್ಷಕರು.

"ಹೂಂ." ದೀಪ ಹತ್ತಿತು.

"ಸ್ವಲ್ಪ ಸೆಕೆ ಅಲ್ವಾ ಮೇಡಂ?" ಎಂದು ಅವರು ಸುಮ್ಮನೆ ಅಂದದ್ದಕ್ಕೆ ಫ್ಯಾನು ತಿರುಗಿತು. ಬೂಟು ಒಂದು ಹೆಜ್ಜೆ ಹಿಂದೆ ಸರಿಯಿತು.

"ಬಾಗಿಲು ತೆಗಿ."

"ಹೂಂ." ಬಾಗಿಲು ತೆರೆಯಿತು. ಪರೀಕ್ಷಕರು ತಮ್ಮ ಪೆನ್ನನ್ನು ಒಳಗಿಟ್ಟು ಕಳ್ಳನಗೆ ನಕ್ಕರು.

"ಪೆನ್ನು ತೆಗಿ."

ಮೇಜಿನ ಕೆಳಗೆ ಹೂಂರಾಯ ಈ ಸಲ ಯೋಚಿಸಿದ. ಎರಡು ತೆಗಿಗಳ ನಡುವಿನ ಕಂದಕದಲ್ಲಿ ಬೆಳಿಗ್ಗೆಯಷ್ಟೇ ಬಿದ್ದು ಎದ್ದವನು. ತೂತಿನಲ್ಲಿ ಬೆರಳು ತೂರಿಸಿ ಪೆನ್ನನ್ನು ಮೆಲ್ಲಗೆ ಹೊರಗೆ ತಳ್ಳಿ, "ಹೂಂ," ಎಂದ.

"ಮೇಡಂ, ನೋಡಿದ್ರಾ? ಬಾಗಿಲು ತೆಗಿ ಅಂದ್ರೆ ಬಾಗಿಲನ್ನ ಕಿತ್ತು ಹಾಕ್ಲಿಲ್ಲ. ಪೆನ್ನು ತೆಗಿ ಅಂದ್ರೆ ಹೊರಗೆ ಹಾಕ್ತು. ಈ ತೆಗಿ ಅನ್ನೋ ಮಾತು ಎಷ್ಟೋ ಸಲ ಮನುಷ್ಯರಿಗೇ ತಿಳಿಯಲ್ಲ."

"ಹೌದು ಸಾರ್," ಎಂದಳು ಸೆಮಿಕೋಲನ್ನು. "ನಮಗೆ ಅನುಭವ ಇದೆ."

ಪರೀಕ್ಷಕರು ಪಕ್ಕದ ಮೇಜಿಗೆ ಹೋಗಬೇಕಿತ್ತು. ಹೋಗಲಿಲ್ಲ. ಕುರ್ಚಿ ತರಿಸಿ ಅಲ್ಲೇ ಕೂತರು. ಅಟೆಂಡರ್ ಚಹಾ ತಂದುಕೊಟ್ಟರು. ಅದನ್ನು ಹೀರುತ್ತಾ ಪರೀಕ್ಷಕರು ಪೆಟ್ಟಿಗೆಯ ಜೊತೆ ಕಷ್ಟಸುಖ ಮಾತಾಡತೊಡಗಿದರು. ತಮ್ಮ ಬೆನ್ನುನೋವು, ಮಾತು ಕೇಳದ ಅಳಿಯ, ಬಸ್ಸಿನಲ್ಲಿ ಸಿಗದ ಸೀಟು. ಪೆಟ್ಟಿಗೆ ಸರಿಯಾದ ಜಾಗದಲ್ಲಿ ಹೂಂ ಎನ್ನುತ್ತಿತ್ತು. ಇಷ್ಟು ಚೆನ್ನಾಗಿ ತಮ್ಮ ಮಾತು ಕೇಳಿದವರು ಮನೆಯಲ್ಲೂ ಇರಲಿಲ್ಲವೆಂದು ಕಾಣುತ್ತದೆ, ಅವರ ದನಿ ಒದ್ದೆಯಾಯಿತು. ಹೂಂರಾಯನ ಎಡಗಾಲು ಜೋಮು ಹಿಡಿದಿತ್ತು. ಬೂಟಿನ ತುದಿ ಅವನ ಕಿರುಬೆರಳಿನ ಮೇಲಿತ್ತು.

"ನೂರಕ್ಕೆ ತೊಂಬತ್ತೆಂಟು," ಎಂದರು ಪರೀಕ್ಷಕರು. "ಹಾಜರಿ ಇಲ್ಲೇ ಮುಗಿಸೋಣ. ಪಟ್ಟಿ ಕೊಡಿ ಮೇಡಂ."

ಮೂರು ಹೆಸರುಗಳಿಗೆ ಮೂರು ಹಾಜರ್ ಬಿದ್ದವು. ನಾಲ್ಕನೆಯದನ್ನು ಕರೆದು ಪರೀಕ್ಷಕರು ತಲೆ ಎತ್ತಿದರು.

"ಎಲ್ಲಿ ಇವನು?"

"ಬಂದಿದಾನೆ ಸಾರ್," ಎಂದ ನಾಯಕ. "ಇಲ್ಲೇ... ತುಂಬಾ ಹತ್ತಿರದಲ್ಲೇ ಇದಾನೆ."

"ಹೋದ ವರ್ಷವೂ ಹೀಗೇ ಅಂದಿದ್ರು ಸಾರ್," ಎಂದರು ಗೈಡ್ ಮೇಡಂ ನಿಟ್ಟುಸಿರುಬಿಟ್ಟು.

ಹಾಜರ್ ಎನ್ನಲು ಹೂಂರಾಯ ಬಾಯಿ ತೆರೆದ, ಮುಚ್ಚಿದ. ಹೊರಗೆ ಬಂದರೆ ನಾಲ್ವರೂ ಮುಳುಗುತ್ತಾರೆ, ಬರದಿದ್ದರೆ ತಾನೊಬ್ಬ. ಸೆಮಿಕೋಲನ್ನು ಮೂರು ದಿನ ಊಟ ಬಿಟ್ಟಿದ್ದಳು. ಆದರೆ ಅಜ್ಜಿ? ಬಟ್ಟೆಯ ಅಂಚನ್ನು ಹಿಡಿದ, ಬಿಟ್ಟ, ಮತ್ತೆ ಹಿಡಿದ.

ಮೇಲೆ ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದು, ಯಾರನ್ನೂ ನೋಡದೆ ಕೇಳಿದರು: "ಎರಡು ವರ್ಷದಿಂದ ಬರದೇ ಇರೋನು ಇನ್ನು ಬರ್ತಾನಾ? ಹೆಸರು ತೆಗೆದುಬಿಡ್ಲಾ?"

ಕತೆಯ ನಡುವೆ ಅಜ್ಜಿ ಉಸಿರು ತೆಗೆದುಕೊಳ್ಳಲು ನಿಲ್ಲಿಸುವಂಥದೇ ಒಂದು ಸಣ್ಣ ನಿಲುಗಡೆ ಅಲ್ಲಿತ್ತು.

"ಹೂಂ," ಎಂದಿತು ಪೆಟ್ಟಿಗೆ.

"ನೋಡಿ," ಎಂದರು ಪರೀಕ್ಷಕರು, ಗೆರೆ ಎಳೆಯುತ್ತಾ. "ಯಂತ್ರಕ್ಕೂ ಒಪ್ಪಿಗೆ."

ಸಂಜೆ ಅಜ್ಜಿ ಮೆಟ್ಟಿಲ ಮೇಲೆ ಕಾಯುತ್ತಾ ಕೂತಿದ್ದರು. ಮೊಮ್ಮಗ ಕುಂಟುತ್ತಾ ಬಂದ.

"ನಾಲ್ಕು ಜನರ ಎದುರಿಗೆ ಹೆಸರು ತೆಗೆದ್ಯೇನೋ ಮಗಾ?"

"ತೆಗೆದ್ರು ಅಜ್ಜಿ."

ಅಜ್ಜಿಯ ಮುಖ ಊರಗಲವಾಯಿತು. ಅವನ ತಲೆ ಸವರಿ, ಪಕ್ಕದಲ್ಲಿ ಕೂರಿಸಿಕೊಂಡು, ಆ ಸಂತೋಷಕ್ಕೆ ಒಂದು ಹೊಸ ಕತೆಯನ್ನೇ ಶುರು ಮಾಡಿದರು. ರಾಜ ಬಂದ, ರಾಣಿ ಬಂದಳು, ಕುದುರೆ ಕಾಡಿನ ಅಂಚಿಗೂ ಬಂತು. ಪಕ್ಕದಿಂದ ಸದ್ದೇ ಇಲ್ಲ. ಕುದುರೆ ನಿಂತುಬಿಟ್ಟಿತು.

"ಲೋ, ಕೇಳಿಸ್ಕೊಳ್ತಾ ಇದೀಯೋ ಇಲ್ವೋ?"

ಅವನು ಎದ್ದು ನೆಟ್ಟಗೆ ನಿಂತ.

"ಹಾಜರ್," ಎಂದ, ಗಟ್ಟಿಯಾಗಿ.