ಮಲ್ಕಪ್ಪನ ಮನೆಯ ಸಿಲಿಂಡರ್

ಅಫಜಲಪುರದ ಗ್ಯಾಸ್ ಏಜೆನ್ಸಿಯ ಗುಮಾಸ್ತ ಮಲ್ಕಪ್ಪ ಬೆಳಿಗ್ಗೆ ಒಂಬತ್ತಕ್ಕೆ ಮನೆಯಲ್ಲಿ ಮಗಳ ಕಣ್ಣಿನ ಲೆನ್ಸಿನ ಡಬ್ಬಿ ತೆರೆದ. ಎಡಗಡೆಯ ಬಿಳಿ ಗುಳಿಯಲ್ಲಿ ನೀಲಿ ಲೆನ್ಸು ಇತ್ತು. ಬಲಗಡೆಯ ಹಸಿರು ಗುಳಿಯಲ್ಲಿ ಬರೀ ಔಷಧದ ನೀರು. ಬಲಗಣ್ಣಿನ ಹಸಿರು ಲೆನ್ಸು ನಾಪತ್ತೆ.

ಹತ್ತು ವರ್ಷದ ಮಗಳು ಸೀಮಾ ಲೆನ್ಸು ತೆಗೆದಿಟ್ಟು ಆಗಲೇ ಶಾಲೆಗೆ ಓಡಿದ್ದಳು. ಹೆಂಡತಿ ಮಹಾನಂದಾ ನಿಂಬರ್ಗಾದ ತವರಿನಲ್ಲಿದ್ದಳು. "ಹೊಸ ಡಬ್ಬಿ ತರ್ರಿ, ಆದ್ರ ಲೆನ್ಸ್ ಕಳದ್ರ ನೋಡ್ರಿ ಮತ್ತ" ಎಂದು ಹೇಳಿ ಹೋಗಿದ್ದಳು. ಡಬ್ಬಿಯನ್ನು ಅವನು ನಿನ್ನೆಯೇ ತಂದಿದ್ದ.

ಸೀಮಾಗೆ ದೂರದ್ದು ಕಾಣುತ್ತಿರಲಿಲ್ಲ, ಚಶ್ಮಾದ ನಂಬರು ವರ್ಷ ವರ್ಷವೂ ಏರುತ್ತಿತ್ತು. ಜತೆಗೆ ಕಣ್ಣಿನ ಮೇಲ್ಮೈ ಒಂದು ದಿಕ್ಕಿಗೆ ಹೆಚ್ಚು ಬಾಗಿದೆ, ಅದಕ್ಕೆ ಸಿಲಿಂಡರ್ ನಂಬರ್ ಅನ್ನುತ್ತಾರೆ ಎಂದು ಕಲಬುರಗಿಯ ಡಾಕ್ಟರು ತಿಳಿಸಿ, ಅಂಥ ಕಣ್ಣಿಗೆಂದೇ ಲೆನ್ಸು ಮಾಡಿಸಿಕೊಟ್ಟಿದ್ದರು. ಹಾಕಿಕೊಂಡು ಮಲಗಬೇಕು, ಎದ್ದ ಮೇಲೆ ತೆಗೆಯಬೇಕು. ರಾತ್ರಿಯಿಡೀ ಅದು ಕಣ್ಣಿನ ಮೇಲ್ಮೈಯನ್ನು ಒತ್ತಿ ತಿದ್ದುವುದರಿಂದ ಹಗಲು ಚಶ್ಮಾ ಬೇಡ, ನಂಬರು ಏರುವ ವೇಗವೂ ತಗ್ಗುತ್ತದೆ. ಆದರೆ ಒಂದು ರಾತ್ರಿ ತಪ್ಪಿದರೆ ಮರುದಿನ ಎಲ್ಲ ಮಸುಕು. ನಾಳೆಯೇ ತಾಲೂಕು ಮಟ್ಟದ ಖೋಖೋ. ಚಶ್ಮಾ ಇದೆಯೆಂದು ಎರಡು ವರ್ಷ ಹೊರಗೆ ಕೂತ ಹುಡುಗಿ ಈ ಸಲ ತಂಡದಲ್ಲಿದ್ದಳು.

ಮಲ್ಕಪ್ಪ ಅಂಬೆಗಾಲಿಡುತ್ತ ನೆಲ ನೇವರಿಸುತ್ತಿದ್ದಾಗ ಪಕ್ಕದ ಮನೆಯ ಶಾರದಾಬಾಯಿ ಬಾಗಿಲಲ್ಲಿ ಕಂಡರು.

"ಏನ್ ಕಳೀತ್ರಿ ಮಲ್ಕಪ್ಪ?"

"ಸೀಮಾನ ಸಿಲಿಂಡರ್ ಲೆನ್ಸ್ ರಿ. ಒಳಗ ಕಾಲಿಡಬ್ಯಾಡ್ರಿ."

"ನಾ ಮೊದಲೇ ಹೇಳಿದ್ದೆ. ಕೂಸಿನ ಕಣ್ಣಾಗ ಗಾಜು ಇಡೂದಂದ್ರ? ಸುಮ್ನ ಚಶ್ಮಾ ಹಾಕ್ಸಿ ಕೂಡಸ್ರಿ."

ಮಲ್ಕಪ್ಪ ಮೊಣಕಾಲಿನ ಧೂಳು ಸಮೇತ ಎದ್ದು ನಿಂತ. "ಗಾಜಲ್ರಿ ಅಕ್ಕೋರ, ಕಣ್ಣಿನ ಅಳತಿ ತಗೊಂಡು ಮಾಡಿಸಿದ್ದು. ನನ್ನ ಮಗಳು ಕೂಡಾಂಗಿಲ್ಲ, ಓಡ್ತಾಳ. ಬರದಿಟ್ಕೋರಿ, ಇನ್ಮ್ಯಾಲ ಈ ಮನ್ಯಾಗ ಯಾರ ಮೂಗಿನ ಮ್ಯಾಲೂ ಚಶ್ಮಾ ಏರಂಗಿಲ್ಲ."

ಸಿಲಿಂಡರ್ ಲೆನ್ಸಿನ ಸುದ್ದಿ ಶಾರದಾಬಾಯಿಯ ಕಟ್ಟೆ ದಾಟುವಾಗ ಲೆನ್ಸನ್ನು ಕಳಚಿಕೊಂಡಿತು. ನಳದ ಹತ್ತಿರ ಭಾಗಮ್ಮನ ಕಿವಿಗೆ ಬಿದ್ದಾಗ ಅದು ತುಂಬಿದ ಸಿಲಿಂಡರ್. ಏಜೆನ್ಸಿ ತಲುಪುವಷ್ಟರಲ್ಲಿ ಎರಡಾಗಿತ್ತು.

"ಮಲ್ಕಪ್ಪ, ಎರಡು ಸಿಲಿಂಡರ್ ಕಳದೀಯಂತಲ್ಲ?" ಮ್ಯಾನೇಜರ್ ಗುರುನಾಥ ಕೇಳಿದ.

ಮಲ್ಕಪ್ಪನ ತಲೆಯಲ್ಲಿ ಲೆನ್ಸಿನ ಹೊರತು ಬೇರೇನೂ ಇರಲಿಲ್ಲ. "ಒಂದೇ ರಿ ಸಾಹೇಬ್ರ. ಇನ್ನೊಂದು ಮನ್ಯಾಗ ನೀರಾಗ ಇಟ್ಟೇನಿ."

"ನೀರಾಗ?"

"ಹೌದ್ರಿ, ಔಷಧದ ನೀರು. ಮಲಗುವಾಗ ಸೀಮಾ ಕಣ್ಣಿಗೆ ಹಾಕ್ಕೋತಾಳ."

ಗುರುನಾಥ ನಿಧಾನವಾಗಿ ಕುರ್ಚಿ ಹಿಡಿದು ಕೂತ. ಮಲ್ಕಪ್ಪ ಎಷ್ಟು ಬಿಡಿಸಿ ಹೇಳಿದರೂ ಅವನಿಗೆ ನಂಬಿಕೆ ಬರಲಿಲ್ಲ. ಎರಡು ಹಾಳೆಗಳಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದು ಮುಂದಿಟ್ಟ.

"ಒಂದ್ರಾಗ ಗೋದಾಮಿನ ಸಿಲಿಂಡರ್ ಕಳದೇನಿ ಅಂತದ, ಇನ್ನೊಂದ್ರಾಗ ಕಳದಿಲ್ಲ ಅಂತದ. ಖರೇ ಯಾವುದೋ ಅದಕ್ಕ ಸಹಿ ಮಾಡು. ಚಶ್ಮಾ ಬೇಕೇನು?"

"ಚಾಳೀಸು ಬರೋದು ನಲವತ್ತಕ್ಕ ರಿ. ನನಗಿನ್ನೂ ಮೂವತ್ತೊಂಬತ್ತು."

ಮಲ್ಕಪ್ಪ ಹಾಳೆಗಳನ್ನು ತೋಳುದ್ದ ಹಿಡಿದ. ಸಾಲಲಿಲ್ಲ. ಗೋಡೆಗೆ ಒರಗಿಸಿ ಎರಡು ಹೆಜ್ಜೆ ಹಿಂದೆ ಸರಿದು, ಪಂಚಾಂಗ ಬಲ್ಲವನ ಹಾಗೆ ತಲೆದೂಗಿ, ಒಂದಕ್ಕೆ ಠೀವಿಯಿಂದ ಸಹಿ ಹಾಕಿದ.

ಗ್ಯಾಸ್ ಆಟೋದ ಹಫೀಜ ಇಣುಕಿ ಓದಿದ. "ಕಾಕಾ, ಇದ್ರಾಗ ಕಳದೇನಿ ಅಂತ ಅದ."

"ಮಾಲು ತೋರಿಸೋತನಕ ಗೋದಾಮಿನ ಕೀಲಿ ನನ್ನ ಹತ್ರ ಇರಲಿ" ಎಂದು ಗುರುನಾಥ ಕೈಚಾಚಿದ.

ಸಂಜೆ ಸೀಮಾ ಶಾಲೆಯಿಂದ ಬಂದಾಗ ಅಪ್ಪ ಬಚ್ಚಲಿನ ತೂತಿಗೆ ಟಾರ್ಚು ಬಿಡುತ್ತಿದ್ದ. ಗುರುನಾಥ ಮಂಚದ ಕೆಳಗೆ ಸಿಲಿಂಡರ್ ಹುಡುಕುತ್ತಿದ್ದ. ಶಾರದಾಬಾಯಿ, ಭಾಗಮ್ಮ ಬಾಗಿಲಲ್ಲಿ ನಿಂತು ಇಬ್ಬರಿಗೂ ದಾರಿ ಹೇಳುತ್ತಿದ್ದರು.

"ಸೀಮಾ, ನಿನ್ನ ಹಸಿರು ಲೆನ್ಸ್ ಎಲ್ಲವ್ವಾ?" ಟಾರ್ಚು ಹಿಡಿದೇ ಅಪ್ಪ ಕೇಳಿದ.

ಹುಡುಗಿ ಸೋಪಿನಿಂದ ಕೈ ತೊಳೆದು, ಒರೆಸಿ, ಡಬ್ಬಿ ತೆರೆದಳು. ಹಸಿರು ಗುಳಿಯಿಂದ ಬೆರಳ ತುದಿಯಲ್ಲಿ ತೊಗರಿ ಸಿಪ್ಪೆಯಷ್ಟು ತೆಳ್ಳನೆಯ ಹಸಿರು ಬಿಲ್ಲೆ ಎತ್ತಿ ಹಿಡಿದಳು.

"ಇಲ್ಲೇ ಅದಲ್ಲಪ್ಪ. ನಿನಗ ಕಾಣಂಗಿಲ್ಲೇನು?"

ಗುರುನಾಥ ಮಂಚದ ಕೆಳಗಿಂದ ತಲೆ ಹೊರಹಾಕಿ, "ಇದಾ ಸಿಲಿಂಡರ್?" ಎಂದ. ಹಾಳೆ ಹರಿದು ಎಸೆದ. ಕೀಲಿ ಮಾತ್ರ ಕಿಸೆಯಿಂದ ಹೊರಬರಲಿಲ್ಲ. "ಸಿಲಿಂಡರ್ ಮ್ಯಾಲಿನ ತಾರೀಖು ಓದಬೇಕಾದಾಂವ ನೀನು. ಮೊದಲು ಕಣ್ಣು ತೋರಿಸಿ ಬಾ."

ಬಸ್ ಸ್ಟ್ಯಾಂಡ್ ಎದುರಿನ ಚಶ್ಮಾ ಅಂಗಡಿಯ ನಸ್ರೀನ ಅವನ ಎರಡೂ ಕಣ್ಣು ಪರೀಕ್ಷಿಸಿದಳು. "ಚಾಳೀಸು ಒಂದು ವರ್ಷ ಮೊದಲೇ ಬಂದದ ರಿ. ಜರಾ ಸಿಲಿಂಡರ್ ನಂಬರೂ ಅದ. ನಿಮ್ಮ ಚಶ್ಮಾ ಬರಾಕ ಎರಡು ದಿನ ಬೇಕು, ಅಲ್ಲೀತನಕ ಈ ರೆಡಿಮೇಡ್ ಚಶ್ಮಾ ಹಾಕ್ಕೋರಿ."

ದೀಪ ಹಚ್ಚುವ ಹೊತ್ತಿಗೆ ಅವನು ಓಣಿ ಹೊಕ್ಕಾಗ ಕಟ್ಟೆ ತುಂಬಿತ್ತು.

"ಎರಡು ಸಿಲಿಂಡರ್ ಅಂದಿದ್ರು," ಭಾಗಮ್ಮ ಬಿಡಲಿಲ್ಲ. "ಒಂದು ಡಬ್ಬ್ಯಾಗ ಸಿಕ್ತು. ಎರಡನೇದು?"

"ಅದೂ ಸಿಕ್ತವ್ವಾ. ನನ್ನ ಕಣ್ಣಾಗ ಇತ್ತು."

ಶಾರದಾಬಾಯಿ ಅವನ ಮುಖವನ್ನೇ ದಿಟ್ಟಿಸಿದರು. "ಯಾರ ಮೂಗಿನ ಮ್ಯಾಲೂ ಚಶ್ಮಾ ಏರಂಗಿಲ್ಲ ಅಂದಿದ್ರಿ?"

ಮಲ್ಕಪ್ಪ ಚಶ್ಮಾವನ್ನು ಮೂಗಿನ ತುದಿಗೆ ಜಾರಿಸಿ, ಅದರ ಮೇಲಿಂದ ಅವರನ್ನು ನೋಡಿದ.

"ಏರಿಲ್ರಿ ಅಕ್ಕೋರ. ಇಳದು ನಿಂತದ."